ತಳ ಮುಟ್ಟಿದ ಬೋಲ್ಟು

ಅವರು ಕುಳಿತು ಚಾ ಕುಡಿದದ್ದನ್ನು ನಾನು ಒಂದು ಸಲವೂ ನೋಡಿಲ್ಲ. ಕೇಣಿಚಿರ ಜಂಕ್ಷನ್ನಿನ ಚಾ ಅಂಗಡಿಯಿಂದ ಗ್ಲಾಸು ಹಿಡಿದುಕೊಂಡು ಹೊರಡುವರು. ಒಂದು ಗುಟುಕು ಟೈರಿನ ಅಂಗಡಿಯ ಮುಂದೆ, ಒಂದು ಗುಟುಕು ಬಸ್ಸು ನಿಲ್ಲುವಲ್ಲಿ, ಕೊನೆಯದು ನಮ್ಮ ಕಾಫಿ ಮಿಲ್ಲಿನ ಕಟ್ಟೆಯ ಹತ್ತಿರ. ಖಾಲಿ ಗ್ಲಾಸನ್ನು ಕಟ್ಟೆಯ ಮೇಲಿಟ್ಟು ಮತ್ತೆ ನಡೆಯುವರು. ಸಂಜೆ ಚಾ ಅಂಗಡಿಯವನು ಬಂದು ಮೂರೋ ನಾಲ್ಕೋ ಗ್ಲಾಸು ಎತ್ತಿಕೊಂಡು ಹೋಗುವಾಗ, "ಆಶಾನ್ ಇವತ್ತು ಎಷ್ಟು ಸಲ ಇಲ್ಲಿಂದ ಹಾದ್ರು ಅಂತ ಗ್ಲಾಸೇ ಹೇಳ್ತದೆ" ಎಂದು ನಗುತ್ತಿದ್ದ.

ಆಶಾನ್ ಎಂದರೆ ಇಲ್ಲಿಯ ಮಲಯಾಳದವರ ಬಾಯಲ್ಲಿ ಗುರು, ಮೇಸ್ತ್ರಿ. ಅವರು ನನ್ನ ಹಾಗೆ ಗಡಿಯಾಚೆಯಿಂದ ಬಂದ ಕನ್ನಡದವರು, ಅವರಿಗೂ ಒಂದು ಹೆಸರಿತ್ತು. ಆದರೆ ರೇಷನ್ ಕಾರ್ಡಿನ ಹೊರಗೆ ಅದು ಎಲ್ಲೂ ಉಪಯೋಗಕ್ಕೆ ಬರಲಿಲ್ಲ, ಆದ್ದರಿಂದ ನಾನೂ ಬರೆಯುವುದಿಲ್ಲ.

ಕಳೆದ ತಿಂಗಳು ಅವರು ತೀರಿಕೊಂಡ ಸುದ್ದಿ ಬಂದಾಗ ನೀವಿಬ್ಬರೂ "ಯಾರಜ್ಜಿ ಅವರು?" ಎಂದು ಕೇಳಿದಿರಿ. ನಾನು "ಮುರಿದ ಬೋಲ್ಟು ತೆಗೆಯುವವರು" ಎಂದೆ. ನೀವು ನಕ್ಕುಬಿಟ್ಟಿರಿ. ನಾನು ಮುಂದೆ ಹೇಳಲಿಲ್ಲ. ಬಾಯಲ್ಲಿ ಹೇಳುವುದು ನನಗೆ ಮೊದಲಿನಿಂದಲೂ ಆಗದ ಕೆಲಸ. ಬರೆಯುವಾಗ ಯಾರೂ ಎದುರಿಗೆ ನಿಂತಿರುವುದಿಲ್ಲ. ನಿಮ್ಮ ಅಮ್ಮ ಓದಿ ಹೇಳಿದರೂ ಸರಿ, ನೀವೇ ಅಕ್ಷರ ಕೂಡಿಸಿಕೊಂಡು ಓದಿದರೂ ಸರಿ.

ಬೋಲ್ಟು ಹಾಕುವವರು ಊರಲ್ಲಿ ಬೇಕಾದಷ್ಟು ಜನ ಇದ್ದಾರೆ. ಬೋಲ್ಟು ಮುರಿದಾಗ ಅದರ ತಲೆ ನಮ್ಮ ಕೈಗೆ ಬರುತ್ತದೆ, ಉಳಿದದ್ದು ಕಬ್ಬಿಣದ ಒಳಗೆ ಸಿಕ್ಕಿಕೊಳ್ಳುತ್ತದೆ. ಆ ತುಂಡನ್ನು, ಅದು ಕೂತ ತೂತಿನ ಪಿರಿಗೆ, ಅಂದರೆ ಒಳಗಿನ ಸುರುಳಿ ಗೆರೆಗೆ, ಪೆಟ್ಟಾಗದ ಹಾಗೆ ಹೊರಗೆ ತರಬೇಕು. ಅದನ್ನು ಮಾಡುವವರು ಇವರೊಬ್ಬರೇ. ಮೀನಂಗಡಿ ಊರಿನಿಂದ ಜೀಪಿನವರು ಬರುತ್ತಿದ್ದರು, ತೋಟದ ಪಂಪುಸೆಟ್ಟನ್ನು ಆಟೋದಲ್ಲಿ ಹೇರಿಕೊಂಡು ಬರುತ್ತಿದ್ದರು. ಬಂದವರೆಲ್ಲ ಅವಸರದವರು. ಇವರು ಅವಸರದವರನ್ನು ಕಂಡರೆ ಇನ್ನಷ್ಟು ನಡೆಯುತ್ತಿದ್ದರು.

ಅವರದು ಒಂದು ಖಾಕಿ ಚೀಲ. ಒಳಗೆ ಒಂದೊಂದು ಹತಾರವನ್ನೂ ಹಳೆಯ ಪಂಚೆಯ ಚೂರಿನಲ್ಲಿ ಬೇರೆ ಬೇರೆ ಸುತ್ತಿಟ್ಟಿದ್ದರು. ಚೀಲ ಬಿಚ್ಚಿ ನೆಲದ ಮೇಲೆ ಸಾಲಾಗಿ ಇಡುವರು. ಚೂಪು ಮೊನೆಯ ಪಂಚು, ಸಣ್ಣ ಉಳಿ, ಕಚ್ಚಿ ಹಿಡಿಯುವ ಇಕ್ಕಳ, ಡ್ರಿಲ್ಲಿನ ಕಡ್ಡಿಗಳು, ಒಂದು ತುಂಡು ಮೇಣದ ಬತ್ತಿ. ಇಟ್ಟು, ಮುರಿದ ಬೋಲ್ಟನ್ನು ನೋಡಿ, ಎದ್ದು ರಸ್ತೆಯವರೆಗೆ ಹೋಗಿ ಬಂದು, ಒಂದನ್ನು ಎತ್ತಿಕೊಂಡು ಮತ್ತೆ ಇಟ್ಟು, ಎಲ್ಲವನ್ನೂ ಪುನಃ ಸುತ್ತಿ ಚೀಲಕ್ಕೆ ಹಾಕಿ, "ಎಣ್ಣೆ ಬುಟ್ಟಿವ್ನಿ. ನಾಳಿಕ್ ಬತ್ತೀನಿ" ಎಂದು ಹೊರಟುಹೋಗುವರು. ಮರುದಿನವೂ ಹಾಗೆಯೇ. ಜೀಪಿನವನೊಬ್ಬ ತಾಳಲಾರದೆ, "ಆಶಾನೇ, ಪಣಿ ತುಡಂಙಿಯೋ, ಇಲ್ಲಾ ಬರೀ ಪ್ರದಕ್ಷಿಣೆಯೋ?" ಎಂದು ಕೇಳಿದ. ಕೆಲಸ ಶುರುವಾಯಿತೋ ಎಂದು ಅವನ ಪ್ರಶ್ನೆ. ಇವರು, "ನಡೀತಾ ಇರೋದೇ ಕೆಲ್ಸ. ತೆಗ್ಯಾದು ಐದ್ ನಿಮಿಷ" ಎಂದರು.

ಅದು ಬಡಾಯಿ ಆಗಿರಲಿಲ್ಲ. ಆ ಜೀಪಿನ ಹೊಗೆ ಕೊಳವೆಯ ಹತ್ತಿರ ಮುರಿದ ತುಂಡು ಕಬ್ಬಿಣದ ಮಟ್ಟಕ್ಕೆ ಸಮವಾಗಿ ಕೂತಿತ್ತು, ಹಿಡಿಯಲು ಏನೂ ಇರಲಿಲ್ಲ. ಸುತ್ತಲಿನ ಕಬ್ಬಿಣವನ್ನು ಕಾಯಿಸಿ, ಬಿಸಿಗೆ ಮೇಣದ ಬತ್ತಿ ಮುಟ್ಟಿಸಿದರು. ಮೇಣ ಕರಗಿ ಕಾಣದ ಸಂದಿಗೆ ಇಳಿದು ಹೋಯಿತು. ಆಮೇಲೆ ಉಳಿಯ ಮೂಲೆಯಿಂದ ತುಂಡಿನ ಅಂಚಿಗೆ ಎಡಕ್ಕೆ ಸಣ್ಣ ಸಣ್ಣ ಪೆಟ್ಟು. ನಾಣ್ಯ ಉರುಳಿದ ಹಾಗೆ ಅದು ತಿರುಗಿ ಮೇಲೆ ಬಂತು. ಜೀಪಿನವನು ಬಾಯಿ ತೆರೆದು ನೋಡುತ್ತಿದ್ದರೆ, ಇವರು ಆಗಲೇ ಟೈರಿನ ಅಂಗಡಿ ದಾಟಿದ್ದರು.

ಚೀಲದಲ್ಲಿ ಒಂದು ಪೆನ್ನಿನ ಡಬ್ಬಿ ಇತ್ತು. ಅದನ್ನು ಮಾತ್ರ ಯಾರೂ ಮುಟ್ಟುವ ಹಾಗಿರಲಿಲ್ಲ. ಅದರೊಳಗೆ ಈಸಿ ಔಟು. ಅಂದರೆ ಎಡಕ್ಕೆ ಪಿರಿ ಇರುವ ಗಟ್ಟಿ ಉಕ್ಕಿನ ಮೊನಚು ಕಡ್ಡಿ. ಮುರಿದ ಬೋಲ್ಟಿನ ನಡುವೆ ತೂತು ಕೊರೆದು, ಇದನ್ನು ಎಡಕ್ಕೆ ತಿರುಗಿಸುತ್ತ ಇಳಿಸಿದರೆ, ಅದು ಕಚ್ಚಿಕೊಂಡು ಬೋಲ್ಟನ್ನೂ ತಿರುಗಿಸಿ ತರುತ್ತದೆ. ಬತ್ತೇರಿ ಪೇಟೆಯ ಅಂಗಡಿಯಲ್ಲಿ ಯಾರು ಬೇಕಾದರೂ ಕೊಳ್ಳಬಹುದು. "ಎಲ್ರೂ ಮೊದ್ಲು ಇದನ್ನೇ ಇಡ್ಕಂಡ್ ಬತ್ತಾರೆ. ಇದು ಕೊನೇಗೆ" ಎನ್ನುತ್ತಿದ್ದರು. ಯಾಕೆಂದರೆ ಅದೇ ಒಳಗೆ ಮುರಿದರೆ, ಅದಕ್ಕಿಂತ ಗಟ್ಟಿಯಾದ ಡ್ರಿಲ್ಲು ಇಲ್ಲಿ ಯಾರ ಹತ್ತಿರವೂ ಇಲ್ಲ.

ನಿಮ್ಮ ತಾತ ತೀರಿಕೊಂಡ ದಿನ ಅಂಗಳದಲ್ಲಿ ಗಂಡಸರೆಲ್ಲ ಕುರ್ಚಿಯಲ್ಲಿ ಕುಳಿತಿದ್ದರು. ಇವರು ಬಂದರು, ಒಳಗೆ ಒಂದು ಸಲ ನೋಡಿದರು, ಹೊರಗೆ ಹೋದರು. ಏನು ಮಾಡಬೇಕೆಂದು ತಿಳಿಯದೆ ಗೇಟಿನಿಂದ ಬಾವಿಗೆ, ಬಾವಿಯಿಂದ ಗೇಟಿಗೆ ನಡೆದರು. ಜನ ಹೋಗಿ ಬರುವಾಗಲೆಲ್ಲ ಗೇಟು ಕಿರುಗುಟ್ಟುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಕಿರುಗುಟ್ಟುವುದು ನಿಂತಿತು. ಜೇಬಿನಿಂದ ಏನೋ ತೆಗೆದು ಅದರ ಬಿಜಾಗರಿ ಬಿಗಿ ಮಾಡಿದ್ದರು. ಅವತ್ತು ಬಂದವರಲ್ಲಿ ಎಷ್ಟೋ ಜನ ನನಗೆ ಸಮಾಧಾನ ಹೇಳಿದರು. ಯಾರ ಮಾತೂ ನೆನಪಿಲ್ಲ.

ಆಮೇಲೆ ಮಿಲ್ಲು ನನ್ನ ಕೈಗೆ ಬಂತು. ಗುಂಡ್ಲುಪೇಟೆ ಕಡೆಯ ಒಂದು ಹಳ್ಳಿ ಶಾಲೆಯಲ್ಲಿ ಏಳನೇ ತರಗತಿ ಓದಿದವಳು ನಾನು. ಮದುವೆಯಾಗಿ ಬಂದ ಮೇಲೆ ಮಲಯಾಳ ಕಿವಿಗೆ ಬಂತು, ಬಾಯಿಗೆ ಬರಲು ವರ್ಷಗಳು ಹಿಡಿದವು. ಮಿಲ್ಲಿನಲ್ಲಿ ಚೀಲದ ಮೇಲೆ ಸೀಮೆಸುಣ್ಣದಲ್ಲಿ ಹೆಸರು ಬರೆಯುವುದು, ಸ್ವಿಚ್ಚು ಹಾಕುವುದು, ತೆಗೆಯುವುದು. ಮಾತಾಡಬೇಕಾಗಿ ಬಂದರೆ ಬೆನ್ನು ತಿರುಗಿಸಿ ಮಾತಾಡುತ್ತಿದ್ದೆ. ನನ್ನ ಮೈದುನ, ಅಂದರೆ ತಾತನ ತಮ್ಮ, ಬತ್ತೇರಿಯಲ್ಲಿ ಅಂಗಡಿ ಇಟ್ಟಿದ್ದ, ಒಂದಿಷ್ಟು ಕಾಫಿ ತೋಟವೂ ಇತ್ತು. ಅವನು ಕೆಟ್ಟವನಲ್ಲ. "ಅತ್ತಿಗೆ, ಇದು ಹೆಂಗಸರ ಕೆಲ್ಸ ಅಲ್ಲ. ಮಿಶನ್ ಮಾರ್ಬುಡಾಣ, ನಮ್ಮನೇ ಮಹಡಿ ಮೇಲಿನ ರೂಮು ಖಾಲಿ ಅದೆ, ಅಲ್ಲಿ ಬಂದಿರಿ" ಎಂದು ತಿಂಗಳಿಗೊಮ್ಮೆ ಬಂದು ಹೇಳುತ್ತಿದ್ದ. ಆ ರೂಮು ನಾನು ನೋಡಿದ್ದೆ. ಕಿಟಕಿಯಿಂದ ಇನ್ನೊಂದು ಮನೆಯ ಗೋಡೆ ಕಾಣುತ್ತದೆ. ಅಲ್ಲಿ ಕುಳಿತು ಇಡೀ ದಿನ ನಾನು ಏನು ಮಾಡಲಿ?

ಎರಡನೆಯ ವರ್ಷದ ಕಾಫಿ ಕಾಲ. ಕೊಯ್ದು ಒಣಗಿಸಿದ ಕಾಫಿಯನ್ನು ಜನ ಸಿಪ್ಪೆ ಬಿಡಿಸಲು ತರುವ ದಿನಗಳು, ಕಟ್ಟೆಯ ಮೇಲೆ ಚೀಲ ಇಡಲು ಜಾಗವಿಲ್ಲ. ಮಿಶನ್ನಿನ ಬೇರಿಂಗು ಅಲ್ಲಾಡಲು ಶುರುವಾಯಿತು. ಅದನ್ನು ಹಿಡಿದಿಡುವ ನಾಲ್ಕು ಬೋಲ್ಟಿನಲ್ಲಿ ಒಂದರ ಪಿರಿ ಸವೆದಿತ್ತು. ತಾತನ ತಗಡಿನ ಡಬ್ಬಿಯಲ್ಲಿ ಹುಡುಕಿ ಇನ್ನೊಂದು ಹಾಕಿದೆ. ಬಿಗಿ ಮಾಡಿದೆ. ತಲೆ ಕೂರುವ ಮೊದಲೇ ನಿಂತುಬಿಟ್ಟಿತು. ಇನ್ನೂ ಒಂದು ಸುತ್ತು ಹೋಗಬೇಕು ಎನಿಸಿತು. ತಾತ ಮಾಡುತ್ತಿದ್ದುದು ನೆನಪಾಗಿ, ಸ್ಪಾನರಿನ ಹಿಡಿಗೆ ಒಂದು ಉದ್ದದ ಪೈಪು ಸಿಕ್ಕಿಸಿ, ಎರಡೂ ಕೈಯಿಂದ ಎಳೆದೆ. ಟಕ್ ಎಂದಿತು. ನಾನು ಹಿಂದಕ್ಕೆ ಕಾಫಿ ಸಿಪ್ಪೆಯ ರಾಶಿಯ ಮೇಲೆ ಬಿದ್ದೆ. ಬೋಲ್ಟಿನ ತಲೆ ನನ್ನ ಮಡಿಲಲ್ಲಿತ್ತು.

ಯಾರೂ ನೋಡಿರಲಿಲ್ಲ. ಎದ್ದು ಮೊದಲು ಮಾಡಿದ್ದೇನು ಗೊತ್ತೇ? ಪೈಪನ್ನು ಗೋಡೆಯ ಹಿಂದೆ ಒರಗಿಸಿದೆ. ಬೋಲ್ಟಿನ ತಲೆಯನ್ನು ಸಿಪ್ಪೆಯ ರಾಶಿಯೊಳಗೆ ಆಳಕ್ಕೆ ಒತ್ತಿದೆ.

ಆಶಾನ್ ಬರುವ ಹೊತ್ತಿಗೆ ಮೈದುನನೂ ಬಂದಿದ್ದ. ಚೀಲ ತಂದ ಇಬ್ಬರು ತೋಟದವರು ಕಟ್ಟೆಯ ಮೇಲೆ ಕುಳಿತಿದ್ದರು.

"ಎಂಗ್ ಮುರೀತವ್ವಾ?" ಅವರು ಯಾವ ಬೋಲ್ಟಿಗೂ ಮೊದಲು ಕೇಳುವುದು ಇದನ್ನೇ.

"ಓಡ್ತಾ ಇದ್ದಾಗ. ತಾನಾಗೇ" ಎಂದೆ ಬೆನ್ನು ತಿರುಗಿಸಿ.

"ತಲೆ ಎಲ್ಲಿ?"

"ಎಲ್ಲೋ ಹಾರೋಯ್ತು."

ಅವರು ಮಿಶನ್ನಿನ ಸುತ್ತ ನಡೆದರು. ಓಡುವಾಗ ಅದುರಿ ಅದುರಿ ಮುರಿದ ತುಂಡು ಒಳಗೆ ಸಡಿಲವಾಗಿರುತ್ತದೆ, ಸಣ್ಣ ಪೆಟ್ಟಿಗೆ ತಿರುಗುತ್ತದೆ. ಪಂಚು ಹಿಡಿದು ತಟ್ಟಿದರು. ಕದಲಲಿಲ್ಲ. ಮತ್ತೆ ತಟ್ಟಿದರು. ನನ್ನನ್ನು ನೋಡಿದರು. "ಓಡಾಗ ಮುರಿದದ್ದು ಇಷ್ಟು ಬಿಗಿ ಇರ್ಬಾರ್ದು" ಎಂದರು. ನಾನು ಸೀಮೆಸುಣ್ಣ ಹುಡುಕುವವಳ ಹಾಗೆ ಒಳಗೆ ಹೋದೆ.

ಎರಡು ದಿನ ಎಣ್ಣೆ ಬಿಟ್ಟರು. ಬಂದರು, ಹೋದರು. ತೋಟದವರು ಮೋಡ ನೋಡುತ್ತಿದ್ದರು. ಒಬ್ಬನು, "ವೇಗಂ ನೋಡಿ ಆಶಾನೇ, ಇಲ್ಲಾಂದ್ರೆ ನಾನು ಪನಮರದ ಮಿಲ್ಲಿಗೆ ಒಯ್ತೇನೆ" ಎಂದ. ಮೈದುನ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದ: ಮಿಲ್ಲು ಕೊಳ್ಳುವವರೊಬ್ಬರು ಭಾನುವಾರ ನೋಡಲು ಬರುತ್ತಾರೆ, ಅಷ್ಟರಲ್ಲಿ ಮಿಶನ್ ಓಡಿದರೆ ಸರಿ, ಓಡದಿದ್ದರೆ ಅವರಿಗೇ ಕೊಟ್ಟುಬಿಡೋಣ. ನಾನು ತಲೆ ಆಡಿಸಿದೆ. ಯಾವುದಕ್ಕೆ ಆಡಿಸಿದೆನೋ ನನಗೇ ತಿಳಿಯದು.

ಶುಕ್ರವಾರ ನಾನೇ ಅವರನ್ನು ಅವಸರಪಡಿಸಿದೆ. "ಆ ಡಬ್ಬೀಲಿರೋ ಕಡ್ಡಿ ಹಾಕಬಾರ್ದಾ ಅಣ್ಣಾ?" ಎಂದೆ. ಅವರು ನನ್ನ ಮುಖವನ್ನೇ ನೋಡಿದರು. ಅಷ್ಟು ಉದ್ದದ ಮಾತನ್ನು ನಾನು ಅವರ ಹತ್ತಿರ ಆಡಿದ್ದು ಅದೇ ಮೊದಲು. ಪೆನ್ನಿನ ಡಬ್ಬಿ ತೆರೆದರು. ತುಂಡಿನ ನಡುವೆ ಒಂದು ಸಣ್ಣ ತೂತು ಕೊರೆದು, ಈಸಿ ಔಟು ಇಳಿಸಿ, ಹಿಡಿ ತಿರುಗಿಸಿದರು. ಕಚ್ಚಿತು. ಇನ್ನೊಂದಿಷ್ಟು. ಆಮೇಲೆ ಒಂದು ಸಣ್ಣ ಸದ್ದು. ಒಣ ಕಡ್ಡಿ ಮುರಿದ ಹಾಗೆ, ಅಷ್ಟೇ.

ಅವರು ಬೈಯಲಿಲ್ಲ. ಕೈಯಲ್ಲಿ ಉಳಿದ ಅರ್ಧ ಕಡ್ಡಿಯನ್ನು ಪಂಚೆಯ ಚೂರಿನಿಂದ ಒರೆಸಿದರು. ಒಂದು ಕಾಫಿ ಚೀಲದ ಮೇಲೆ ಕುಳಿತರು. ಕೆಲಸ ಬಿಟ್ಟು ಅವರು ಕುಳಿತದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಸಂಜೆಗೆ ಚಾ ಅಂಗಡಿಯಲ್ಲಿ ಸುದ್ದಿ ಆಯಿತು. ಆಶಾನ್ ಕೈ ಸೋತಿತು, ವಯಸ್ಸಾಯಿತು. ನಾನು ಮಿಲ್ಲಿನ ಬಾಗಿಲು ಹಾಕುವಾಗ ಕೇಳಿಸಿಕೊಂಡೆ. ಮನೆಗೆ ಹೋಗಿ ಅನ್ನಕ್ಕೆ ಇಟ್ಟು, ಒಲೆಯ ಮುಂದೆ ಕೂರಲಾಗದೆ ಎದ್ದು, ಅಂಗಳ ಗುಡಿಸಿ, ಗುಡಿಸಿದ್ದನ್ನೇ ಮತ್ತೆ ಗುಡಿಸಿದೆ.

ಶನಿವಾರ ಬೆಳಿಗ್ಗೆ ಅವರು ಗ್ಯಾಸಿನ ಬೆಂಕಿ ಮತ್ತು ದೊಡ್ಡ ಸುತ್ತಿಗೆ ತಂದಿದ್ದರು. ಮೈದುನ ಇದ್ದ, ಆ ಇಬ್ಬರು ತೋಟದವರೂ ಇದ್ದರು. ಆಶಾನ್ ಮಿಶನ್ನಿನ ಎರಕದ ಮೈಯನ್ನು ಅಂಗೈಯಿಂದ ಸವರಿದರು.

"ಅವ್ವಾ, ಈ ಬೋಲ್ಟು ನಂಗೆ ಗೊತ್ತಾಯ್ತಾ ಇಲ್ಲ. ಯಾಕಿಷ್ಟು ಬಿಗಿ ಅಂತಾನೇ ತಿಳೀತಿಲ್ಲ. ಕೆಂಪಗೆ ಕಾಯ್ಸಿ ಹೊಡ್ದು ನೋಡ್ಬೇಕು. ಎರಕ ಒಡ್ದೋದ್ರೂ ಒಡ್ದೋಯ್ತು. ಒಡ್ದ್ರೆ ಈ ಬಾಡಿ ಈಗ ಎಲ್ಲೂ ಸಿಕ್ಕಾಕಿಲ್ಲ. ಹೊಡೀಲಾ?"

"ಹೊಡೀರಿ, ಹೇಗಿದ್ರೂ ಹೋಗೋದೇ" ಎಂದ ಮೈದುನ.

"ನಿಮ್ಮನ್ ಕೇಳ್ಲಿಲ್ಲ" ಎಂದರು ಆಶಾನ್.

ನಾನು ಒಳಗೆ ಹೋಗಿ ತಾತನ ತಗಡಿನ ಡಬ್ಬಿ ತಂದೆ. ಅದೇ ಜೊತೆಯ ಇನ್ನೊಂದು ಬೋಲ್ಟು ಅದರಲ್ಲಿತ್ತು. ಅವಸರಕ್ಕೆ ಡಬ್ಬಿಯೇ ಜಾರಿ ನೆಲಕ್ಕೆ ಬಿತ್ತು, ನಟ್ಟು ಬೋಲ್ಟೆಲ್ಲ ಚೆಲ್ಲಿದವು. ಆ ಬೋಲ್ಟನ್ನು ಹೆಕ್ಕಿ ಅವರ ಮುಂದೆ ಹಿಡಿದೆ. ಬೆನ್ನು ತಿರುಗಿಸಲಿಲ್ಲ.

"ತಾನಾಗಿ ಮುರೀಲಿಲ್ಲ ಅಣ್ಣಾ. ನಾನೇ ಮುರಿದೆ. ಇಂಥದ್ದೇ ಹಾಕಿದ್ದೆ. ಪೈಪು ಸಿಕ್ಕಿಸಿ ಎಳೆದೆ. ತಲೆ ಸಿಪ್ಪೇಲಿ ಹೂತಿಟ್ಟೆ."

ಆಶಾನ್ ಆ ಬೋಲ್ಟನ್ನು ತೆಗೆದುಕೊಂಡು ಪಕ್ಕದ ತೂತಿನಿಂದ ಬಿಚ್ಚಿದ ಬೋಲ್ಟಿನ ಪಕ್ಕ ಹಿಡಿದರು. ಒಂದು ಬೆರಳಿನ ಅಗಲದಷ್ಟು ಉದ್ದ ಹೆಚ್ಚಿತ್ತು.

"ಓ" ಎಂದರು. "ತಳ ಮುಟ್ಬುಟ್ಟದೆ."

ಆ ತೂತು ಆಚೆಗೆ ತೆರೆದದ್ದಲ್ಲ, ಬಾವಿಯ ಹಾಗೆ ಅದಕ್ಕೆ ತಳ ಇದೆ. ಉದ್ದದ ಬೋಲ್ಟು ಹೋಗಿ ತಳಕ್ಕೆ ಒದ್ದುಕೊಂಡು ನಿಂತಿತ್ತು. ನಾನು ಅದರ ಮೇಲೆ ಪೈಪು ಹಾಕಿ ಎಳೆದಿದ್ದೆ. ಹಾಗೆ ಸಿಕ್ಕಿಕೊಂಡ ತುಂಡಿಗೆ ಈಸಿ ಔಟು ಹಾಕಿದರೆ ಅದು ಒಳಗಿನಿಂದ ಹಿಗ್ಗಿ ಇನ್ನೂ ಬಿಗಿಯಾಗುತ್ತದೆ. ಅವರ ಕೈ ಸೋತಿರಲಿಲ್ಲ. ನನ್ನ ಸುಳ್ಳನ್ನು ನಂಬಿ ಅವರು ಹತಾರ ಆರಿಸಿದ್ದರು.

"ನೋಡಿದ್ರಾ?" ಎಂದ ಮೈದುನ, ತೋಟದವರ ಕಡೆಗೆ. "ನಾನು ಇದನ್ನೇ ಹೇಳ್ತಾ ಇರೋದು. ಹೆಂಗಸರ ಕೈಗೆ ಮಿಶನ್ ಕೊಟ್ರೆ ಇದೇ ಆಗೋದು."

ಆಶಾನ್ ದೊಡ್ಡ ಸುತ್ತಿಗೆಯನ್ನು ಗೋಡೆಗೆ ಒರಗಿಸಿದರು. "ನಿಮ್ಮಣ್ಣ ಇದೇ ಮಿಶನ್‌ಲಿ ನಾಕು ಮುರ್ದವ್ರೆ. ಇದೇ ಪೈಪ್ ಹಾಕಿ. ನಾಕೂ ನಾನೇ ತೆಗ್ದಿರಾದು. ಮನೇಲಿ ಹೇಳ್ಬೇಡಿ ಅಂತ ಕೈ ಮುಗೀತಿದ್ರು. ಆಗ ಯಾರೂ ಮಿಲ್ಲು ಮಾರಿ ಅನ್ನಲಿಲ್ವಲ್ಲ?"

ತೋಟದವರಲ್ಲಿ ಒಬ್ಬ ಕೆಮ್ಮಿದ ಹಾಗೆ ಮಾಡಿ ನಕ್ಕ. ನನಗೆ ಅಳುವೂ ಬಂತು, ನಗುವೂ ಬಂತು. ಅಷ್ಟು ವರ್ಷ ಆ ಮನುಷ್ಯ ನನ್ನಿಂದ ಮುಚ್ಚಿಟ್ಟ ಒಂದೇ ವಿಷಯ ಅದು ಎಂದು ಕಾಣುತ್ತದೆ.

"ಸರಿ, ನಾಳೆ ಬರೋವ್ರಿಗೆ ಏನಂತ ಹೇಳ್ಲಿ?" ಎಂದು ಮೈದುನ ಕೇಳಿದ.

"ಮಿಲ್ಲು ಕೊಡೋದಿಲ್ಲ ಅಂತ ಹೇಳು" ಎಂದೆ.

ಆಶಾನ್ ಚೀಲದಿಂದ ಮೇಣದ ಬತ್ತಿ ತೆಗೆಯುತ್ತ, "ನಿಮ್ಗೆ ಬಾಯಿ ಅದೆ ಅಂತ ಮೊನ್ನೇನೆ ಗೊತ್ತಿದ್ರೆ ನನ್ ಈಸಿ ಔಟು ಉಳೀತಿತ್ತು ಕನವ್ವಾ" ಎಂದರು.

ಇನ್ನೂ ಮೂರು ದಿನ ಹಿಡಿಯಿತು. ಒಬ್ಬ ತೋಟದವನು ಚೀಲ ಎತ್ತಿಕೊಂಡು ಪನಮರಕ್ಕೆ ಹೋದ, ಇನ್ನೊಬ್ಬ ಉಳಿದ. ಒಳಗೆ ಮುರಿದ ಉಕ್ಕನ್ನು ಆಶಾನ್ ಚೂಪು ಪಂಚಿನಿಂದ ಹರಳು ಹರಳಾಗಿ ಒಡೆದು, ಸೂಜಿ ಮೊನೆಯಷ್ಟು ಚೂರುಗಳನ್ನು ಅಯಸ್ಕಾಂತದಿಂದ ಎತ್ತಿದರು. ನಾನು ಟಾರ್ಚು ಹಿಡಿದಿದ್ದೆ. ಒಂದು ಗಂಟೆ ಕೆಲಸ, ರಸ್ತೆಯವರೆಗೆ ನಡಿಗೆ, ಮತ್ತೆ ಕೆಲಸ. ಆಮೇಲೆ ಬೋಲ್ಟಿನ ನಟ್ಟನಡುವೆ ತಳದವರೆಗೂ ಕೊರೆದು, ತೂತನ್ನು ಹಿಗ್ಗಿಸುತ್ತ, ತುಂಡಿನ ಗೋಡೆಯನ್ನು ತೆಳ್ಳಗೆ ಮಾಡಿದರು. ತಳಕ್ಕೆ ಒದ್ದುಕೊಂಡಿದ್ದ ಬಲ ಅಲ್ಲಿಗೆ ಬಿಟ್ಟಿತು. ಯಾವ ಹತಾರವೂ ಸರಿಹೋಗದೆ, ಒಂದು ಹಳೆಯ ಅರವನ್ನು ಕಲ್ಲಿಗೆ ತೇದು ನಾಲ್ಕು ಮೂಲೆಯ ಕಡ್ಡಿ ಮಾಡಿಕೊಂಡು ಬಂದರು. ಕಾಯಿಸಿ, ಮೇಣ ಮುಟ್ಟಿಸಿ, ಅದನ್ನು ಇಳಿಸಿ, ಕಾಲು ಸುತ್ತು ಎಡಕ್ಕೆ, ಒಸಿ ಬಲಕ್ಕೆ, ಮತ್ತೆ ಎಡಕ್ಕೆ. ತುಂಡು ಬಂದೇಬಿಟ್ಟಿತು.

ಮಿಶನ್ ಓಡಿದ ನಾಲ್ಕನೆಯ ದಿನ ಒಂದು ಜೀಪು ಬಂತು. ಮೈದುನ ತನ್ನ ತೋಟದ ಕಾಫಿ ಹನ್ನೆರಡು ಚೀಲ ಇಳಿಸಿದ. ನಾನು ಅವನ ಹೆಸರನ್ನು ಸೀಮೆಸುಣ್ಣದಲ್ಲಿ ಬರೆದೆ. ಸರದಿ ಬರುವವರೆಗೆ ಅವನು ಕಟ್ಟೆಯ ಮೇಲೆ ಉಳಿದವರ ಜೊತೆ ಕುಳಿತಿದ್ದ.

ಆಶಾನ್ ಆಮೇಲೆಯೂ ಎಷ್ಟೋ ವರ್ಷ ಹಾಗೆಯೇ ನಡೆದರು. ಬತ್ತೇರಿ ಸ್ಟ್ಯಾಂಡಿನಲ್ಲಿ ಮೈಸೂರು ಬಸ್ಸು ಹತ್ತುವ ಮೊದಲು ಅದರ ಚಕ್ರದ ನಟ್ಟುಗಳನ್ನು ಒಂದೊಂದಾಗಿ ತಟ್ಟಿ ಕೇಳುತ್ತ ನಿಂತು, ಕಂಡಕ್ಟರನಿಂದ "ಕೇರ್ ಆಶಾನೇ, ಕೇರ್, ಬೇಗ ಹತ್ತಿ, ಬಸ್ಸು ನಿಮ್ಮದಲ್ಲ" ಎಂದು ಬೈಸಿಕೊಂಡದ್ದನ್ನು ನಾನೇ ನೋಡಿದ್ದೇನೆ. ಕಣ್ಣು ಮಂದವಾದ ಮೇಲೆ ಮೀನಂಗಡಿಯಲ್ಲಿ ಮಗಳ ಮನೆಗೆ ಹೋದರು.

ಎರಡು ತಿಂಗಳ ಹಿಂದೆ ನೋಡಲು ಹೋಗಿದ್ದೆ. ಮಲಗಿದ್ದರು, ಆದರೆ ಹೊದಿಕೆಯೊಳಗೆ ಕಾಲು ಆಡುತ್ತಲೇ ಇತ್ತು. ಮಗಳು, "ಒಂದು ನಿಮಿಷ ಸುಮ್ನೆ ಇರಲ್ಲ ಚೇಚಿ" ಎಂದಳು. ಇಲ್ಲಿ ಅಕ್ಕನಿಗೆ ಚೇಚಿ ಎನ್ನುತ್ತಾರೆ. ಏನು ಮಾತಾಡುವುದೆಂದು ತಿಳಿಯದೆ, ಹಿಂದಿನ ವಾರ ಮಿಲ್ಲಿನಲ್ಲಿ ಇನ್ನೊಂದು ಮುರಿದ ಕಥೆ ಹೇಳಿದೆ. ಮುಚ್ಚಳ ಹಿಡಿಯುವ ಸ್ಟಡ್ಡು, ತಲೆಯಿಲ್ಲದ ಬೋಲ್ಟು. ಎರಡು ಬೆರಳಿನಷ್ಟು ಹೊರಗೆ ಉಳಿದಿತ್ತು. ಎರಡು ನಟ್ಟುಗಳನ್ನು ಅದರ ಮೇಲೆ ಹಾಕಿ, ಒಂದಕ್ಕೊಂದು ಎದುರಾಗಿ ಬಿಗಿದು, ನಾನೇ ತಿರುಗಿಸಿ ತೆಗೆದೆ ಎಂದೆ.

ಕಾಲು ನಿಂತಿತು.

"ಸ್ಪಾನರ್ ಮ್ಯಾಗಿನ ನಟ್ಟಿಗೆ ಹಾಕಿದ್ರಾ, ಕೆಳಗಿನದ್ಕಾ?"

"ಕೆಳಗಿನದಕ್ಕೆ."

"ಎಣ್ಣೆ?"

"ಎರಡು ದಿನ."

ಅವರು ತಲೆದಿಂಬಿನ ಮೇಲೆ ತಲೆ ಹೊರಳಿಸಿ ನನ್ನ ಕಡೆ ನೋಡಿದರು. ಆ ಮಂದ ಕಣ್ಣಿಗೆ ನಾನು ಕಂಡೆನೋ ಇಲ್ಲವೋ. "ಹೊಸದನ್ನ ಗ್ರೀಸ್ ಹಚ್ಚಿ ಕೂರ್ಸಿದ್ರಾ?"

"ಇಲ್ಲ ಅಣ್ಣಾ. ಮರೆತೆ" ಎಂದೆ.

"ಹೋಗಿ" ಎಂದರು. "ಇಲ್ಲಿ ಕೂತು ಏನ್ ಮಾಡ್ತೀರಿ? ತುಕ್ಕು ಹಿಡೀಕ್ ಮುಂಚೆ ಹೋಗಿ ಬಿಚ್ಚಿ. ಬಸ್ ಅದೆ ಈಗ."

ಮಗಳಿಗೆ ನಾಚಿಕೆಯಾಯಿತು. "ಅಪ್ಪಾ, ಅವರು ಈಗ ತಾನೇ ಬಂದದ್ದು" ಎಂದಳು. ಆದರೆ ನಾನು ಆಗಲೇ ಎದ್ದಿದ್ದೆ. ಬಾಗಿಲ ಹತ್ತಿರ ತಿರುಗಿ ನೋಡಿದಾಗ ಅವರ ಕಾಲು ಮತ್ತೆ ಆಡಲು ಶುರುವಾಗಿತ್ತು.

ಕೇಣಿಚಿರದಲ್ಲಿ ಇಳಿದು ನೇರ ಮಿಲ್ಲಿಗೆ ಬಂದೆ. ಸ್ವಿಚ್ಚು ತೆಗೆದು, ಮುಚ್ಚಳ ಇಳಿಸಿ, ಹೊಸ ಸ್ಟಡ್ಡನ್ನು ಬಿಚ್ಚಿದೆ. ಪಿರಿಯ ಬುಡದಲ್ಲಿ ಅರಿಸಿನದ ಎಳೆಯಂತೆ ತುಕ್ಕು ಶುರುವಾಗಿತ್ತು. ಬಟ್ಟೆಯಿಂದ ಒರೆಸಿ, ಗ್ರೀಸು ಹಚ್ಚಿ, ಕೈಯಿಂದಲೇ ಕೊನೆಯವರೆಗೂ ತಿರುಗಿಸಿ ಕೂರಿಸಿದೆ.